ಕುದುರೆಮುಖದ ಮೋಡದ ಕಾಡಿಗೆ ಹಕ್ಕಿ ನೋಡಲು ಹೋಗುವುದು ಹೇಗೆ?

ಕುದುರೆಮುಖಕ್ಕೆ ಹೋಗುವವರಲ್ಲಿ ಹೆಚ್ಚಿನವರ ಕಣ್ಣು ಶಿಖರದ ಮೇಲೆಯೇ. ಬೆಳಗ್ಗೆ ಮುಳ್ಳೋಡಿಯಿಂದ ಹೊರಟು, 1,890 ಮೀಟರಿಗೂ ಎತ್ತರದ ತುದಿ ಮುಟ್ಟಿ, ಫೋಟೊ ತೆಗೆದುಕೊಂಡು ಸಂಜೆಯೊಳಗೆ ಇಳಿಯಬೇಕು. ಆ ಅವಸರದಲ್ಲಿ ಹಕ್ಕಿ ಎಲ್ಲಿ ಕಾಣುತ್ತದೆ? ಹಕ್ಕಿ ನೋಡುವ ಆಸೆಯಿದ್ದರೆ ಶಿಖರವನ್ನು ಇನ್ನೊಂದು ಸಲಕ್ಕೆ ಬಿಡಿ. ಕಳಸ ಅಥವಾ ಸಂಸೆ ಕಡೆ ಎರಡು ರಾತ್ರಿ ಉಳಿಯಿರಿ. ನಡೆಯುವುದು ಕಡಿಮೆ ಇರಲಿ, ನಿಲ್ಲುವುದು ಜಾಸ್ತಿ ಇರಲಿ.

ಕಾಡಿನ ಅಂಚನ್ನು ಗುರುತಿಸಿಕೊಳ್ಳಿ

ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಗುಡ್ಡದ ನೆತ್ತಿಯಲ್ಲೆಲ್ಲ ಹುಲ್ಲು. ಎರಡು ಗುಡ್ಡ ಕೂಡುವ ಸಂದಿನಲ್ಲಿ ಒತ್ತಾಗಿ ಬೆಳೆದ ಕುಳ್ಳು ಮರಗಳ ಶೋಲಾ ಕಾಡು. ಮರಗಳ ಮೈತುಂಬ ಪಾಚಿ, ಜರೀಗಿಡ, ಸೀತಾಳೆ. ಮಂಜು ಕವಿದ ಬೆಳಗ್ಗೆ ಹುಲ್ಲಿನಲ್ಲಿ ನಿಂತರೆ ಮಳೆಯಿಲ್ಲ. ನಾಲ್ಕು ಹೆಜ್ಜೆ ಇಟ್ಟು ಮರದಡಿ ಹೋಗಿ, ತಲೆ ಮೇಲೆ ಟಪ್ ಟಪ್ ಅಂತ ಹನಿ ಬೀಳುತ್ತದೆ. ಎಲೆ ಮತ್ತು ಪಾಚಿ ಮೋಡದ ತೇವವನ್ನೇ ಹಿಡಿದು ಹನಿ ಮಾಡಿ ನೆಲಕ್ಕೆ ಬಿಡುತ್ತಿರುತ್ತವೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲ ಇರುವುದೂ ಇದೇ ಬೆಟ್ಟಸಾಲಿನಲ್ಲಿ.

ಹಕ್ಕಿ ನೋಡುವವರಿಗೆ ಬೇಕಾದದ್ದು ಹುಲ್ಲು ಮುಗಿದು ಮರ ಶುರುವಾಗುವ ಆ ಅಂಚು. ಅಲ್ಲಿ ಬೆಳಕಿದೆ, ಹುಳುವಿದೆ, ಹಣ್ಣಿನ ಪೊದೆಯಿದೆ. ಒಳಗೆ ನುಗ್ಗಿದರೆ ಕತ್ತಲೆಯಲ್ಲಿ ಎಲೆ ಅಲ್ಲಾಡುವುದಷ್ಟೇ ಕಾಣುತ್ತದೆ.

ತಿಂಗಳು, ಬುಕಿಂಗ್, ಮನೆ

ಅಕ್ಟೋಬರಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆ ಇಳಿದಿರುತ್ತದೆ, ಉತ್ತರದಿಂದ ಚಳಿಗಾಲದ ವಲಸೆ ಹಕ್ಕಿಗಳೂ ಬಂದಿರುತ್ತವೆ. ಫೆಬ್ರವರಿ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ, ಚಾರಣದ ದಾರಿಗಳನ್ನು ಮುಚ್ಚುವುದುಂಟು. ಜೂನ್‌ನಿಂದ ಸೆಪ್ಟೆಂಬರ್ ಜಡಿಮಳೆ. ಆದರೆ ಸರಳೆ ಸಿಳ್ಳಾರ ಎಂಬ ಹಕ್ಕಿಯ ಹಾಡು ಕೇಳಬೇಕು ಅನ್ನುವವರು ಮಳೆಗಾಲದ ನಸುಕಿನಲ್ಲೇ ಹೋಗಬೇಕು, ಅದು ಚಳಿಗಾಲದಲ್ಲಿ ಅಷ್ಟಾಗಿ ಬಾಯಿ ಬಿಡುವುದಿಲ್ಲ.

ಚಾರಣದ ದಾರಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಚೆಯೇ ಟಿಕೆಟ್ ಮಾಡಿಸಿ. ಇದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ, ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ. ಉದ್ಯಾನದೊಳಗಿನ ರಸ್ತೆಯಲ್ಲಿ ಚೆಕ್‌ಪೋಸ್ಟಿನವರು ಸಮಯ ಬರೆದ ಚೀಟಿ ಕೊಡುತ್ತಾರೆ. ನಡುವೆ ಕಾರು ನಿಲ್ಲಿಸಿ ಬೈನಾಕ್ಯುಲರ್ ಹಿಡಿಯುವಂತಿಲ್ಲ. ಕೆಲವರಿಗೆ ಇದು ಅತಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಇದೇ ಗುಡ್ಡದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಕಾಡಿಗೆ ಇಷ್ಟು ಕಾವಲು ಬೇಕೇ ಬೇಕು.

ಉಳಿಯಲು ಉದ್ಯಾನದೊಳಗೆ ಜಂಗಲ್ ಲಾಡ್ಜಸ್‌ನವರ ಭಗವತಿ ಶಿಬಿರ ಇದೆ. ಕಳಸ, ಸಂಸೆ ಸುತ್ತ ಕಾಫಿ ತೋಟದ ಹೋಂಸ್ಟೇಗಳಿವೆ. ಫೋನ್ ಮಾಡಿದಾಗ ಬಾಡಿಗೆಯ ಜೊತೆಗೆ ಇದನ್ನೂ ಕೇಳಿ: "ತೋಟದಲ್ಲಿ ನೆರಳಿಗೆ ಯಾವ ಮರ ಇದೆ? ಅತ್ತಿ, ಬಸರಿ ಈಗ ಹಣ್ಣಾಗಿದ್ಯಾ?" ಬರೀ ಸಿಲ್ವರ್ ಓಕ್ ಇದ್ದರೆ ಹಕ್ಕಿ ಕಡಿಮೆ. ಹಣ್ಣಾದ ಒಂದು ಬಸರಿ ಮರ ಇದ್ದರೆ ಕುಟ್ರು, ಹಸಿರು ಪಾರಿವಾಳ, ಪಿಕಳಾರ, ಮಂಗಟ್ಟೆ ಎಲ್ಲ ಅಲ್ಲಿಗೇ ಬರುತ್ತವೆ. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನೋಡಬಹುದು. ರಾತ್ರಿ ಜೋರು ಹಾಡು ಹಾಕುವ ಮನೆಯಾದರೆ ಬೇರೆ ನೋಡಿ. ಕಾಫಿ ಕೊಯ್ಲಿನ ದಿನಗಳಲ್ಲಿ ಮನೆಯವರಿಗೆ ಪುರುಸೊತ್ತು ಇರುವುದಿಲ್ಲ, ದಾರಿ ತೋರಿಸಲು ಊರಿನವರೊಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಅವರಿಗೆ ಕೂಲಿ ಕೊಡುವಾಗ ಚೌಕಾಸಿ ಬೇಡ.

ಚೀಲದಲ್ಲಿ ಏನಿರಬೇಕು

8x42 ಬೈನಾಕ್ಯುಲರ್ (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಅಗಲದ ಮುಂದಿನ ಲೆನ್ಸ್ ಇರುವಂಥದ್ದು) ಸಾಕು. ಮಂಜಿನ ಮಬ್ಬಿನಲ್ಲಿ ಅದು ಹೆಚ್ಚು ಬೆಳಕು ಕೊಡುತ್ತದೆ, ಕೈಯೂ ಅಷ್ಟು ನಡುಗುವುದಿಲ್ಲ. ನೀರು ಒಳಹೋಗದಂಥದ್ದು ಇರಲಿ. ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ, ಮಲೆನಾಡಿನ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಹಿಡಿಯುವುದು ಬೇಗ. ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ರೇನ್‌ಕೋಟ್ ಬೇಡ. ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ನ ಹಕ್ಕಿಗಳ ಪ್ಯಾಕನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಮೇಲೆ ಸಿಗ್ನಲ್ ನಂಬುವಂತಿಲ್ಲ.

ಇಂಬಳಕ್ಕೆ ಲೀಚ್ ಸಾಕ್ಸ್ ಹಾಕಿ. ಕಚ್ಚಿದರೂ ಗಾಬರಿ ಬೇಡ, ಉಗುರಿನಿಂದ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಉಣುಗು (ಉಣ್ಣೆ ಹುಳ) ಮಾತ್ರ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಡಿಸೆಂಬರಿನಿಂದ ಮೇವರೆಗೆ ಅದರ ಕಾಟ ಜಾಸ್ತಿ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ತರಗೆಲೆ ಮೇಲೆ ಸುಮ್ನೆ ಕೂರಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಮೈ ಪೂರ್ತಿ ನೋಡಿಕೊಳ್ಳಿ.

ನಿಲ್ಲುವುದು ಹೇಗೆ

ನಸುಕಿಗೇ ಎದ್ದು ಕಾಡಿಗೆ ಓಡಬೇಕಿಲ್ಲ. ಮಂಜು ದಟ್ಟವಾಗಿದ್ದರೆ ತೋಟದಲ್ಲೇ ಇರಿ. ಮಂಜು ಏಳುತ್ತಿದ್ದಂತೆ ಬಿಸಿಲು ಮೊದಲು ಬೀಳುವ ಅಂಚಿಗೆ ಹೋಗಿ ನಿಂತುಬಿಡಿ.

ಸ್ವಲ್ಪ ಹೊತ್ತು ಕಾಡು ಖಾಲಿ ಅನ್ನಿಸುತ್ತದೆ. ಆಮೇಲೆ ಎಲ್ಲೋ ಭೀಮರಾಜ ಕೂಗುತ್ತದೆ. ನೋಡನೋಡುತ್ತಿದ್ದಂತೆ ಬೇರೆ ಬೇರೆ ಜಾತಿಯ ಹಕ್ಕಿಗಳ ದಂಡೊಂದು ಮರಗಳಲ್ಲಿ ಹರಿದು ಬರುತ್ತದೆ. ತುದಿಯಲ್ಲಿ ಕೆಂಪು, ಹಳದಿ ಮಿನಿವೆಟ್‌ಗಳು. ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುವ ನಟ್‌ಹ್ಯಾಚ್. ಕೆಳಗೆ ಪೊದೆಯಲ್ಲಿ ಬಾಗಿದ ಹಳದಿ ಕೊಕ್ಕಿನ ಹರಟೆಮಲ್ಲ. ಉಳಿದವು ಎಬ್ಬಿಸಿದ ಹುಳುವನ್ನು ಭೀಮರಾಜ ಗಾಳಿಯಲ್ಲೇ ಹಿಡಿಯುತ್ತದೆ, ಗಿಡುಗ ಕಂಡರೆ ಎಲ್ಲರಿಗೂ ಕೂಗಿ ಹೇಳುತ್ತದೆ. ಕೆಲವೇ ನಿಮಿಷದಲ್ಲಿ ದಂಡು ದಾಟಿ ಹೋಗುತ್ತದೆ. ಎಲ್ಲವನ್ನೂ ನೋಡಲು ಹೋದರೆ ಒಂದೂ ದಕ್ಕುವುದಿಲ್ಲ. ಒಂದು ಹಕ್ಕಿಯ ಮೇಲೆ ಕಣ್ಣಿಡಿ, ಕಣ್ಣು ಕದಲಿಸದೆ ಬೈನಾಕ್ಯುಲರ್ ಎತ್ತಿ, ಕೊಕ್ಕು, ಕಣ್ಣಿನ ಸುತ್ತ, ಬಾಲದಡಿ ಪೂರ್ತಿ ನೋಡಿ.

ದಂಡಿಗೆ ಸೇರದವೂ ಇವೆ. ನೀಲಗಿರಿ ಕಾಡುಪಾರಿವಾಳದ ಕತ್ತಿನ ಹಿಂದೆ ಚದುರಂಗದ ಮಣೆಯಂಥ ಕಪ್ಪು-ಬಿಳಿ ಗುರುತು ಇರುತ್ತದೆ, ಪಶ್ಚಿಮ ಘಟ್ಟ ಬಿಟ್ಟರೆ ಅದು ಬೇರೆಲ್ಲೂ ಇಲ್ಲ ಎಂದೇ ಹೇಳಬಹುದು. ಗಂಡು ಕಾಕರಣೆ ಹಕ್ಕಿಯ ಎದೆ ಕಡುಕೆಂಪು. ಆದರೆ ಮನುಷ್ಯರನ್ನು ಕಂಡರೆ ಕೊಂಬೆಯಲ್ಲೇ ಮೆಲ್ಲಗೆ ತಿರುಗಿ ಕಂದು ಬೆನ್ನು ತೋರಿಸಿ ಕೂತುಬಿಡುತ್ತದೆ. ಹತ್ತಿರ ಹೋಗಬೇಡಿ. ನೀವು ಅಲ್ಲಾಡದಿದ್ದರೆ ಅದೇ ತಿರುಗುತ್ತದೆ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನು ದಯವಿಟ್ಟು ಮಾಡಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆ ಅಂತ ಅದು ಮೇವು ಬಿಟ್ಟು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ನಮ್ಮ ಒಂದು ಫೋಟೊಗೆ ಅಷ್ಟು ತೊಂದರೆ ಕೊಡುವುದು ತಪ್ಪಲ್ವಾ?

ಮನೆಗೆ ಬಂದ ಮೇಲೆ

ಕಂಡ ಹಕ್ಕಿಗಳ ಪಟ್ಟಿಯನ್ನು, ಹಕ್ಕಿ ನೋಡುವವರು ತಮ್ಮ ದಾಖಲೆ ಹಂಚಿಕೊಳ್ಳುವ ಜಾಲತಾಣ ಇ-ಬರ್ಡ್‌ಗೆ ಹಾಕಿ. ಗೂಡು ಕಂಡಿದ್ದರೆ ಅದರ ಜಾಗವನ್ನು ಎಲ್ಲೂ ಬರೆಯಬೇಡಿ, ವಾಟ್ಸ್ಆ್ಯಪ್ ಗುಂಪಿನಲ್ಲೂ ಬೇಡ. ಒಂದು ವಾರ, ಹತ್ತು ದಿನದೊಳಗೆ ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಮಲೆನಾಡಿನ ಕಾಡಿಗೆ ಹೋಗಿ ಬಂದಿದ್ದೇನೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.