ಪೆಟ್ಟು ತಿಂದ ಮೀನನ್ನಲ್ಲ, ಪುಂಡನನ್ನು ಹೊರತೆಗೆಯಿರಿ

ಟಿ.ವಿ. ಪಕ್ಕದ ಎರಡಡಿ ಟ್ಯಾಂಕಿನಲ್ಲಿ ಒಂದು ಮೀನು ಫಿಲ್ಟರಿನ ಹಿಂದೆ, ನೀರಿನ ಮೇಲ್ಮಟ್ಟದಲ್ಲಿ ಮೂಲೆ ಹಿಡಿದು ನಿಂತಿದೆ. ಬಾಲ ಹರಿದಿದೆ. ಮನೆಯವರು ಪಾಪ ಅಂತ ಅದನ್ನೇ ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕುತ್ತಾರೆ. ಎರಡು ದಿನ ಟ್ಯಾಂಕು ಶಾಂತ. ಮೂರನೇ ದಿನ ಇನ್ನೊಂದರ ಬಾಲ ಹರಿಯುತ್ತದೆ. ಅದನ್ನೂ ತೆಗೆಯುತ್ತಾರೆ. ಶಿವಮೊಗ್ಗ ಇರಲಿ, ಸಾಗರ ಇರಲಿ, ತೀರ್ಥಹಳ್ಳಿ ಇರಲಿ, ಟ್ಯಾಂಕು ಖಾಲಿಯಾಗುವುದು ಹೆಚ್ಚಾಗಿ ಹೀಗೆಯೇ. ಕೊನೆಗೆ ಉಳಿಯುವುದು ಉಳಿದವನ್ನು ಕಚ್ಚಿ ಅಟ್ಟಿಸಿದ ಪುಂಡ ಮೀನು ಒಂದೇ.

ಪೆಟ್ಟು ತಿಂದದ್ದನ್ನು ತೆಗೆದರೆ ಪುಂಡನ ಪಾಲಿಗೆ ಏನೂ ಬದಲಾಗುವುದಿಲ್ಲ. ಆ ಕಲ್ಲು, ಆ ಮೂಲೆ, ಆ ಗಿಡದ ಬುಡ ಎಲ್ಲ ತನ್ನದೇ ಎಂಬ ಲೆಕ್ಕ ಹಾಗೇ ಇರುತ್ತದೆ. ಅಟ್ಟಿಸಲು ಮುಂದಿನ ಮೀನು ಸಿಗುತ್ತದೆ, ಅಷ್ಟೆ. ಆದ್ದರಿಂದ ಹೊರಗೆ ಹೋಗಬೇಕಾದದ್ದು ಪುಂಡ. ಅದು ವಾಪಸ್ ಬರುವಷ್ಟರಲ್ಲಿ ಟ್ಯಾಂಕಿನ ಒಳಗು ಗುರುತು ಸಿಗದಷ್ಟು ಬದಲಾಗಿರಬೇಕು.

ಮೊದಲು, ಅದು ಕಾದಾಟವೇ ಹೌದೋ ನೋಡಿ

ಬೆಳಿಗ್ಗೆ ಆಹಾರಕ್ಕೆ ಮುಂಚೆ ಹದಿನೈದು ನಿಮಿಷ, ಆಹಾರ ಹಾಕಿದ ಮೇಲೆ ಹದಿನೈದು ನಿಮಿಷ ಟ್ಯಾಂಕಿನ ಮುಂದೆ ಅಲ್ಲಾಡದೆ ಕೂರಿ. ರೆಕ್ಕೆಯ ಅಂಚನ್ನು ಹತ್ತಿರದಿಂದ ನೋಡಿ. ಕಚ್ಚಿದ ಗಾಯವಾದರೆ ಅರ್ಧಚಂದ್ರದ ಹಾಗೆ ತುಂಡು ಹೋಗಿರುತ್ತದೆ, ಅಂಚು ಸ್ವಚ್ಛವಾಗಿರುತ್ತದೆ. ಅಂಚು ಬಿಳಿಚಿಕೊಂಡು ನೂಲುನೂಲಾಗಿ ಬಿಚ್ಚಿಕೊಂಡಿದ್ದರೆ ಅದು ರೆಕ್ಕೆ ಕೊಳೆಯುವ ರೋಗ. ನೀರು ಕೆಟ್ಟಿದೆ ಎಂದೇ ಲೆಕ್ಕ. ಒಂದಲ್ಲ, ಎಲ್ಲ ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ ಅಥವಾ ಮೀನಿನ ಹೊಲಸಿನಿಂದ ಹುಟ್ಟುವ ವಿಷ, ಅಮೋನಿಯಾ, ಏರಿದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಮೂರರಲ್ಲೊಂದು ಪಾಲು ನೀರು ಬದಲಿಸಿ, ಅದನ್ನು ಸರಿಪಡಿಸಿಯೇ ಮುಂದಿನ ಮಾತು.

ಪ್ಲಾಸ್ಟಿಕ್ ಗಿಡವಿದ್ದರೆ ಹಳೆಯ ರೇಷ್ಮೆ ಬಟ್ಟೆಯ ಚೂರನ್ನು ಅದರ ಮೇಲೆ ಎಳೆದು ನೋಡಿ. ಬಟ್ಟೆ ಸಿಕ್ಕಿಹಾಕಿಕೊಂಡರೆ ಫೈಟರ್ ಮೀನಿನ ಬಾಲವೂ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಬಾಲ ಹರಿಯುವುದು ಈ ಗಿಡಗಳಿಂದ, ಬೈಗುಳ ಮಾತ್ರ ಪಕ್ಕದ ಮೀನಿಗೆ.

ಯಾರು ಯಾರನ್ನು ಯಾಕೆ ಕಚ್ಚುತ್ತಾರೆ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಲೆಕ್ಕಕ್ಕೆ ಸುಮಾರು 57 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ಕೈಗೆ ಸಿಗುವುದು 45 ಲೀಟರ್. ಈ ಜಾಗದಲ್ಲಿ ಅಟ್ಟಿಸಿಕೊಂಡ ಮೀನಿಗೆ ಓಡಿಹೋಗಲು ದೂರವೆಂಬುದೇ ಇಲ್ಲ. ದೊಡ್ಡ ಟ್ಯಾಂಕಿನಲ್ಲಿ ಹುಡುಗಾಟವಾಗಿ ಮುಗಿಯುವುದು ಇಲ್ಲಿ ಸಾವಿಗೆ ತಲುಪುತ್ತದೆ.

ಟೈಗರ್ ಬಾರ್ಬ್ ಗುಂಪಿನ ಮೀನು. ಎರಡು ಮೂರು ತಂದರೆ ಬೇರೆಯವರ ರೆಕ್ಕೆಗೇ ಕೈ ಹಾಕುತ್ತವೆ. ಎಂಟು ಇದ್ದರೆ ಜಗಳ ತಮ್ಮತಮ್ಮಲ್ಲೇ ಹಂಚಿಹೋಗುತ್ತದೆ. ಆದರೆ ಎರಡಡಿಗೆ ಎಂಟೇ ಮಿತಿ, ಜೊತೆಗೆ ಬೇರೇನೂ ಬೇಡ. ಗಪ್ಪಿ, ಮೋಲಿ, ಪ್ಲಾಟಿಗಳಲ್ಲಿ ಗಂಡು ಹೆಣ್ಣಿನ ಬೆನ್ನು ಬಿಡುವುದಿಲ್ಲ. ಒಂದು ಗಂಡಿಗೆ ಮೂರು ಹೆಣ್ಣು ಇರಲಿ. ಫೈಟರ್ ಗಂಡು ಒಂದು ಟ್ಯಾಂಕಿಗೆ ಒಂದೇ. ಬ್ಲೂ ಗೌರಾಮಿಯ ಎರಡು ಗಂಡು ಎರಡಡಿಯಲ್ಲಿ ಬಾಳುವುದಿಲ್ಲ. ರೆಡ್ ಟೇಲ್ ಶಾರ್ಕ್ ಮರಿಯಲ್ಲಿ ಸಾಧು, ಬೆಳೆಯುತ್ತ ತನ್ನ ಜಾತಿಯದನ್ನೂ ತನ್ನ ಹಾಗೆ ಕಾಣುವುದನ್ನೂ ಸಹಿಸದು. ಏಂಜೆಲ್ ಜೋಡಿ ಮೊಟ್ಟೆ ಇಟ್ಟ ದಿನದಿಂದ ಅರ್ಧ ಟ್ಯಾಂಕು ಅವುಗಳದ್ದು. ಏಂಜೆಲ್ ನಿಯಾನ್ ಟೆಟ್ರಾವನ್ನು ತಿಂದರೆ ಅದು ಜಗಳವಲ್ಲ, ಬೇಟೆ. ಅದಕ್ಕೆ ಕೆಳಗಿನ ಯಾವ ಉಪಾಯವೂ ನಡೆಯುವುದಿಲ್ಲ, ಬೇರ್ಪಡಿಸುವುದೊಂದೇ ದಾರಿ. ಫ್ಲವರ್‌ಹಾರ್ನ್, ಆಸ್ಕರ್ ಎರಡಡಿಗೆ ಬರಲೇಬಾರದು, ಅಂಗಡಿಯವರು ಬೆರಳುದ್ದದ ಮರಿ ತೋರಿಸಿ ಏನೇ ಹೇಳಲಿ.

ಮಲೆನಾಡಿನ ಮನೆಗಳಿಗೆ ಇನ್ನೆರಡು ಮಾತು. ಮಳೆಗಾಲದಲ್ಲಿ ಗದ್ದೆ ಬದುವಿನಿಂದ ಮಕ್ಕಳು ಹಿಡಿದು ತರುವ ಕೊರವ ಮೀನಿನ ಕೆಂಪು ಮರಿ ಚೆಂದ ಕಾಣುತ್ತದೆ, ಆದರೆ ಬಾಯಿಗೆ ಹಿಡಿಸುವ ಎಲ್ಲವನ್ನೂ ನುಂಗುತ್ತದೆ. ಹಿಡಿದಲ್ಲೇ ಬಿಟ್ಟುಬಿಡಿ. ‘ಮಿಸ್ ಕೇರಳ’ ಎಂದು ಮಾರುವ ಡೆನಿಸನ್ ಬಾರ್ಬ್ ನಮ್ಮ ಪಶ್ಚಿಮ ಘಟ್ಟದ್ದೇ, ಅಳಿವಿನಂಚಿನಲ್ಲಿರುವ ಮೀನು. ಹರಿಯುವ ಹೊಳೆಯಲ್ಲಿ ಗುಂಪಾಗಿ ಬದುಕುವ ಅದಕ್ಕೆ ನಾಲ್ಕಡಿ ಟ್ಯಾಂಕಾದರೂ ಬೇಕು. ಎರಡಡಿಯಲ್ಲಿ ಎರಡನ್ನು ಕೂಡಿಹಾಕುವುದು ಜಗಳ ಕೊಂಡು ತಂದ ಹಾಗೆ.

ಪುಂಡನನ್ನು ಹಿಡಿಯುವುದು

ಹಿಂದಿನ ದಿನವೇ ಎರಡು ಬಕೆಟ್ ಹೊಸ ನೀರು ಹಿಡಿದಿಡಿ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹಾಕಿ. ಬಾವಿ ನೀರು, ಅಬ್ಬಿ ನೀರಾದರೆ ರಾತ್ರಿಯಿಡೀ ಏರ್ ಪಂಪ್ ಬಿಡಿ. ಸೋಪಿನ ಕೈ ತಾಗಿದ ಬಕೆಟ್ ಬೇಡವೇ ಬೇಡ.

ಹೀಟರ್ ಆರಿಸಿ ಹದಿನೈದು ನಿಮಿಷ ಕಾಯಿರಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ಆಮೇಲೆ ಟ್ಯಾಂಕಿನ ನೀರನ್ನು ಪೈಪಿನಲ್ಲಿ ಎಳೆದು ಎರಡು ಖಾಲಿ ಬಕೆಟ್ಟಿಗೆ ತುಂಬಿ. ಟ್ಯಾಂಕು ಅರ್ಧಕ್ಕೆ ಇಳಿಯಲಿ. ಕಲ್ಲು, ಗಿಡ, ಕೊರಡು ಎಲ್ಲ ತೆಗೆದ ಮೇಲೆಯೇ ಬಲೆ ಹಿಡಿಯಿರಿ. ತುಂಬಿದ ಟ್ಯಾಂಕಿನಲ್ಲಿ, ಕಲ್ಲುಗಳ ನಡುವೆ ಬಲೆ ಬೀಸಿದರೆ ಪುಂಡ ಸಿಗುವುದಿಲ್ಲ, ಪೆಟ್ಟು ತಿಂದದ್ದು ಇನ್ನಷ್ಟು ಹೆದರುತ್ತದೆ. ಎರಡು ಬಲೆ ಬಳಸಿ: ದೊಡ್ಡದನ್ನು ಮೂಲೆಯಲ್ಲಿ ಅಲ್ಲಾಡಿಸದೆ ಹಿಡಿದು, ಚಿಕ್ಕದರಿಂದ ಮೀನನ್ನು ನಿಧಾನ ಅದರೊಳಗೆ ತಳ್ಳಿ. ಪುಂಡ ಒಂದು ಬಕೆಟ್ಟಿಗೆ, ಉಳಿದವು ಇನ್ನೊಂದಕ್ಕೆ. ಎರಡಕ್ಕೂ ಮುಚ್ಚಳ, ಏರ್ ಸ್ಟೋನ್.

ಪುಂಡನನ್ನು ಏಳು ದಿನ ಬೇರೆ ಇಡಬೇಕು. 20 ಲೀಟರಿನ ಟಬ್ಬು, ಅದರಲ್ಲೊಂದು ಸ್ಪಾಂಜ್ ಫಿಲ್ಟರ್ ಇದ್ದರೆ ಅದೇ ಮೇಲು. ಸ್ಪಾಂಜನ್ನು ಎರಡು ವಾರ ಮೊದಲೇ ಟ್ಯಾಂಕಿನಲ್ಲಿ ಓಡಿಸಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಡು ದಿನಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ಬದಲಿಸಿ. ಜಾಗವಿಲ್ಲದವರು ಟ್ಯಾಂಕಿನಲ್ಲೇ ಅಡ್ಡತಡೆ ಕಟ್ಟಬಹುದು. ಟ್ಯಾಂಕಿನ ಒಳ ಅಗಲ ಅಳೆದು, ಪ್ಲಾಸ್ಟಿಕ್ ಜಾಲರಿಯನ್ನು ಅದೇ ಅಳತೆಗೆ ಕತ್ತರಿಸಿ, ಎರಡೂ ಅಂಚಿಗೆ ಸ್ಟಿಕ್ ಫೈಲಿನ ಪ್ಲಾಸ್ಟಿಕ್ ಪಟ್ಟಿ ತೊಡಿಸಿ, ಸಕ್ಷನ್ ಕಪ್ಪಿನಿಂದ ಗಾಜಿಗೆ ಅಂಟಿಸಿ. ಕೆಳ ಅಂಚು ಜಲ್ಲಿಯೊಳಗೆ ಒಂದು ಇಂಚು ಹೂತಿರಲಿ, ಮೇಲಂಚು ನೀರಿಗಿಂತ ಎತ್ತರವಿರಲಿ. ಹಾರ್ಡ್‌ವೇರ್ ಅಂಗಡಿಯ ತಗಡಿನ ಬಣ್ಣದ ಕಬ್ಬಿಣದ ಜಾಲರಿ ತರಬೇಡಿ. ಅದರ ಮೇಲಿರುವುದು ಸತುವಿನ ಲೇಪ. ನಮ್ಮ ಕಡೆಯ ನೀರು ಮೆದು, ಸುಣ್ಣದ ಅಂಶ ಕಡಿಮೆ. ಮೆದು ನೀರಿನಲ್ಲಿ ಸತು, ತಾಮ್ರ ಎರಡೂ ಮೀನಿಗೆ ಹೆಚ್ಚು ವಿಷ. ಅಡ್ಡತಡೆಯ ಕೊರತೆಯೂ ಒಂದಿದೆ: ಜಾಲರಿಯಾಚೆ ಪುಂಡನಿಗೆ ತನ್ನ ಹಳೆಯ ಜಾಗ ಕಾಣುತ್ತಲೇ ಇರುತ್ತದೆ. ಅದಕ್ಕೇ ನಾನು ಟಬ್ಬಿನ ಪರ.

ಟ್ಯಾಂಕಿನ ಒಳಗು ಬದಲಿಸುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಎರಡು ಕಲ್ಲು ಅತ್ತಿತ್ತ ಸರಿಸಿ ಆಯಿತು ಎಂದುಕೊಳ್ಳುತ್ತಾರೆ. ಮೀನಿಗೆ ಮುಖ್ಯವಾದದ್ದು ಕಣ್ಣಳತೆ. ಪುಂಡ ತನ್ನ ಜಾಗದಲ್ಲಿ ನಿಂತರೆ ಇಡೀ ಟ್ಯಾಂಕು ಕಾಣುವ ಹಾಗಿದ್ದರೆ, ಇಡೀ ಟ್ಯಾಂಕೂ ಅದರದ್ದೇ.

ಎತ್ತರದ ವಸ್ತುವೊಂದನ್ನು ಮಧ್ಯದಿಂದ ಸ್ವಲ್ಪ ಎಡಕ್ಕೆ ಇಡಿ, ನೀರಿನ ಎತ್ತರದ ಮುಕ್ಕಾಲು ಪಾಲು ಇರಲಿ. ಇನ್ನೊಂದು ಬಲಬದಿಯಲ್ಲಿ, ಅರ್ಧ ಎತ್ತರದ್ದು. ನಡುವೆ ವ್ಯಾಲಿಸ್ನೇರಿಯಾ ಅಥವಾ ಹಾರ್ನ್‌ವರ್ಟ್ ಗಿಡ ದಟ್ಟವಾಗಿ ಹಾಕಿ. ಮೇಲೆ ಒಂದು ಹಿಡಿ ಅಂತರಗಂಗೆ ತೇಲಿಬಿಟ್ಟರೆ ಬೇರುಗಳು ಕೆಳಗಿಳಿದು ಮೇಲ್ಮಟ್ಟದಲ್ಲೂ ಮರೆ ಸಿಗುತ್ತದೆ. ಗೌರಾಮಿ, ಫೈಟರ್‌ಗಳಿಗೆ ಈ ಮೇಲಿನ ಮರೆಯೇ ಹೆಚ್ಚು ಮುಖ್ಯ. ಈಗ ಟ್ಯಾಂಕಿನ ಪಕ್ಕದ ಕಿರಿದಾದ ಗಾಜಿಗೆ ಕಣ್ಣು ಹಚ್ಚಿ ಆಚೆ ತುದಿ ನೋಡಿ. ಕೆಳಗೆ, ನಡುವೆ, ಮೇಲೆ, ಎಲ್ಲಿಂದಲೂ ಆಚೆಯ ಗಾಜು ನೇರ ಕಾಣಬಾರದು. ಕಂಡರೆ ಅಲ್ಲಿಗೆ ಇನ್ನೊಂದು ಗಿಡ ಬೇಕು.

ಗುಹೆ ಮಾಡಿದರೆ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗುಹೆಯೊಳಗೆ ಓಡಿದ ಮೀನು ಬೋನಿಗೆ ಬಿದ್ದ ಹಾಗೆ. ತೆಂಗಿನ ಗರಟೆಗೆ ಎದುರುಬದುರು ತೂತು ಕೊರೆದು, ಅರ್ಧ ಗಂಟೆಯಂತೆ ಮೂರು ಸಲ ನೀರು ಬದಲಿಸಿ ಕುದಿಸಿದರೆ ಒಳ್ಳೆಯ ಗುಹೆ. ಮೀನಿನ ಸಂಖ್ಯೆಗಿಂತ ಅಡಗುತಾಣ ಒಂದಾದರೂ ಹೆಚ್ಚಿರಲಿ.

ಜಂಬಿಟ್ಟಿಗೆ ಕಲ್ಲು ಹಾಕಬೇಡಿ. ಅದು ಉದುರಿ ಕೆಂಪು ಕೆಸರು ಕೂರುತ್ತದೆ. ಗಟ್ಟಿಯಾದ, ನುಣುಪಾದ ಕರಿಕಲ್ಲು ಒಳ್ಳೆಯದು. ಬಿದಿರು, ಅಡಿಕೆ ಹಾಳೆ ಬೇಗ ಕೊಳೆಯುತ್ತವೆ. ಇನ್ನು ತೋಟದಿಂದ ತರುವ ಕೊರಡು, ಗರಟೆ, ಕಲ್ಲು: ಕೊಳೆರೋಗಕ್ಕೆ ಬೋರ್ಡೋ ಹೊಡೆದ ಅಡಿಕೆ ತೋಟದ್ದಾದರೆ ಬೇಡವೇ ಬೇಡ. ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರ, ಅದು ಕುದಿಸಿದರೂ ನಾಶವಾಗುವುದಿಲ್ಲ. ಔಷಧಿ ಹೊಡೆಯುವ ತಿಂಗಳುಗಳಲ್ಲಿ ತೋಟದ ಕೆಳಗಿನ ಹಳ್ಳದ ನೀರನ್ನೂ ಟ್ಯಾಂಕಿಗೆ ತುಂಬಬೇಡಿ.

ಜಲ್ಲಿ ಕೆದಕಿದಾಗ ಕೊಳಕು ಏಳುತ್ತದೆ, ಪೈಪಿನಿಂದ ಎಳೆದು ತೆಗೆಯಿರಿ. ಅದೇ ದಿನ ಫಿಲ್ಟರ್ ತೊಳೆಯಬೇಡಿ. ಅದರಲ್ಲಿದ್ದು ಅಮೋನಿಯಾ ತೆಗೆಯುವ ಬ್ಯಾಕ್ಟೀರಿಯಾ ಹೋದರೆ ಎರಡೇ ದಿನದಲ್ಲಿ ಅಮೋನಿಯಾ ಏರಿ, ಜಗಳ ಬಿಡಿಸಲು ಹೋಗಿ ಎಲ್ಲರನ್ನೂ ಕಳೆದುಕೊಳ್ಳುತ್ತೀರಿ. ಹೊಸ ನೀರು ತುಂಬಿ, ಶಾಖ ಸರಿಹೊಂದಿದ ಮೇಲೆ ಪೆಟ್ಟು ತಿಂದವನ್ನೂ ಸಾಧುಗಳನ್ನೂ ಬಿಡಿ. ಈ ಏಳು ದಿನ ಅವುಗಳದ್ದು. ಯಾವ ಗುಹೆ ಯಾರದ್ದೆಂದು ಅವೇ ತೀರ್ಮಾನಿಸಿಕೊಳ್ಳಲಿ.

ಪುಂಡ ಮರಳುವ ಸಂಜೆ

ಎಂಟನೇ ದಿನ ಸಂಜೆ ಟ್ಯಾಂಕಿನ ಮೀನುಗಳಿಗೂ ಪುಂಡನಿಗೂ ಹೊಟ್ಟೆ ತುಂಬ ತಿನ್ನಿಸಿ. ಪುಂಡನನ್ನು ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಗಂಟೆ ಟ್ಯಾಂಕಿನ ಮೇಲೆ ತೇಲಿಸಿ. ಐದು ನಿಮಿಷಕ್ಕೊಮ್ಮೆ ಒಂದು ಲೋಟ ಟ್ಯಾಂಕಿನ ನೀರು ಸೇರಿಸಿ. ಲೈಟ್ ಆರಿಸಿ, ಕತ್ತಲಲ್ಲಿ ಬಿಡಿ. ಬೆಳಗಾದಾಗ ಅದಕ್ಕೆ ಪರಿಚಯವಿಲ್ಲದ ಊರು, ಆಗಲೇ ಒಕ್ಕಲಾದ ನೆರೆಹೊರೆ.

ಮೊದಲ ಎರಡು ಗಂಟೆ ಒಂದಿಷ್ಟು ಅಟ್ಟಾಟ ಇದ್ದೇ ಇರುತ್ತದೆ. ಅಟ್ಟಿಸಿ ಬಿಟ್ಟುಬಿಟ್ಟರೆ ಗಾಬರಿ ಬೇಡ. ಒಂದನ್ನೇ ಅರ್ಧ ಗಂಟೆ ಬಿಡದೆ ಬೆನ್ನು ಹತ್ತಿದರೆ, ಅಥವಾ ಮರುದಿನ ಯಾವುದಾದರೂ ಮೀನು ಆಹಾರಕ್ಕೆ ಹೊರಗೇ ಬರದಿದ್ದರೆ ಪುಂಡನನ್ನು ಮತ್ತೆ ತೆಗೆಯಿರಿ. ಎರಡನೇ ಸಲವೂ ಹೀಗಾದರೆ ಮೂರನೇ ಪ್ರಯತ್ನ ಬೇಡ. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ಅದೊಂದಕ್ಕೇ ಟ್ಯಾಂಕು ಕೊಡಿ. ತುಂಗೆಗಾಗಲಿ ಊರ ಕೆರೆಗಾಗಲಿ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಮೀನುಗಳು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಈಗಾಗಲೇ ತುಂಬಿಕೊಂಡಿವೆ.

ಇಲ್ಲಿಂದ ಮುಂದೆ ಆಹಾರವನ್ನು ಎರಡು ತುದಿಯಲ್ಲಿ ಒಟ್ಟಿಗೇ ಹಾಕಿ, ಎರಡು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆ ಎರಡು ಸಲ. ಹೀಟರ್ 28ರಲ್ಲಿದ್ದರೆ 25ಕ್ಕೆ ಇಳಿಸಿ. ಬಿಸಿ ನೀರು ಮೀನನ್ನು ಮರಿ ಮಾಡುವ ಹುರುಪಿಗೆ ತರುತ್ತದೆ, ಹುರುಪಿನ ಜೊತೆ ಜಗಳವೂ ಬರುತ್ತದೆ. 45 ಲೀಟರಿಗೆ 50 ವ್ಯಾಟ್ ಸಾಕು. ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿ ಏರ್ ಪಂಪ್ ಇರಲಿ.

‘ಮೀನನ್ನು ಶಾಂತಗೊಳಿಸುವ’ ಹನಿಗಳಿಗೆ ದುಡ್ಡು ಸುರಿಯಬೇಡಿ. ಜಾಗದ ಜಗಳ ಬಾಟಲಿಯಿಂದ ಬಗೆಹರಿಯುವುದಿಲ್ಲ. ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಟ್ಯಾಂಕಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾ, ಗಿಡ ಎರಡೂ ಹಾಳು.

ಪೆಟ್ಟು ತಿಂದ ಮೀನಿಗೆ ಟ್ಯಾಂಕಿನ ಸ್ವಚ್ಛ ನೀರೇ ಮೊದಲ ಮದ್ದು. ಹುರುಪೆ ಎದ್ದು ಗಾಯ ಆಳವಾಗಿದ್ದರೆ ಮಾತ್ರ ಬೇರೆ ಬಕೆಟ್ಟಿನಲ್ಲಿ, ಲೀಟರಿಗೆ ಒಂದು ಗ್ರಾಮಿನಂತೆ ಕಲ್ಲುಪ್ಪು ಕರಗಿಸಿ ಐದು ದಿನ ಇಡಿ. ಟ್ಯಾಂಕಿಗೇ ಉಪ್ಪು ಸುರಿದರೆ ಗಿಡಗಳು ಬಾಡುತ್ತವೆ, ಕೋರಿಡೋರಾಸ್, ಲೋಚ್‌ನಂಥ ತಳದ ಮೀನುಗಳು ತಡೆಯುವುದಿಲ್ಲ. ಹರಿದ ಬಾಲದ ಅಂಚಿನಲ್ಲಿ ಒಂದೆರಡು ವಾರಕ್ಕೆ ಬಣ್ಣವಿಲ್ಲದ, ಗಾಜಿನಂತೆ ತಿಳಿಯಾದ ತೆಳು ಪೊರೆ ಕಾಣಿಸುತ್ತದೆ. ಅದು ರೋಗವಲ್ಲ, ಹೊಸ ರೆಕ್ಕೆ. ಬಣ್ಣ ಆಮೇಲೆ ತುಂಬಿಕೊಳ್ಳುತ್ತದೆ. ಅದು ಮೂಡಿದ ಮೇಲೂ ಮತ್ತೆ ಅರ್ಧಚಂದ್ರದ ಕಚ್ಚು ಬಿದ್ದರೆ ಪುಂಡ ಇನ್ನೂ ಒಳಗೇ ಇದೆ. ಪುನಃ ಹದಿನೈದು ನಿಮಿಷ ಟ್ಯಾಂಕಿನ ಮುಂದೆ ಕೂತು, ಈ ಸಲ ಯಾವುದೆಂದು ನೋಡಿ.