ಸಂಘದ ಮೊದಲ ಸಾಲದಲ್ಲಿ ಕಾಫಿಪುಡಿ ವ್ಯಾಪಾರ: ಯಂತ್ರಕ್ಕಿಂತ ಮೊದಲು ಬೀಜ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಮಹಿಳಾ ಸಂಘ ಕಾಫಿಪುಡಿ ಮಾಡಲು ಹೊರಟರೆ ಮೊದಲು ಹುರಿಯುವ ಯಂತ್ರದ ಬೆಲೆ ವಿಚಾರಿಸುವುದುಂಟು. ಅದು ಬೇಡ. ಸಾಲವೆಲ್ಲ ಯಂತ್ರಕ್ಕೆ ಹೋದರೆ ಬೀಜ ಕೊಳ್ಳಲು ಕೈಯಲ್ಲಿ ದುಡ್ಡಿರುವುದಿಲ್ಲ. ಯಂತ್ರ ಸುಮ್ಮನೆ ನಿಂತರೂ ಕಂತು ನಿಲ್ಲುವುದಿಲ್ಲ.

ಬ್ಯಾಂಕಿಗೆ ಹೋಗುವ ಮುಂಚೆ ಪುಸ್ತಕ ಸರಿಮಾಡಿಕೊಳ್ಳಿ. ವಾರದ ಸಭೆ, ಉಳಿತಾಯ, ಒಳಸಾಲ (ಸದಸ್ಯೆಯರಿಗೆ ಸಂಘವೇ ಕೊಡುವ ಸಾಲ), ಮರುಪಾವತಿ, ಲೆಕ್ಕ ಈ ಐದೂ ನಡಾವಳಿ ಪುಸ್ತಕದಲ್ಲೂ ಲೆಡ್ಜರಿನಲ್ಲೂ ಒಂದೇ ರೀತಿ ಕಾಣಬೇಕು. ಸಂಜೀವಿನಿ, ಅಂದರೆ ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯ ಸಂಘ ಆರು ತಿಂಗಳು ನಡೆದಿರಬೇಕು ಎಂಬುದನ್ನು ಪುಸ್ತಕ ನೋಡಿ ಲೆಕ್ಕ ಹಾಕಬೇಕೇ ಹೊರತು ಬ್ಯಾಂಕ್ ಖಾತೆ ತೆರೆದ ದಿನದಿಂದಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಸಂಘಗಳು ಸುಮ್ಮನೆ ಕಾಯುತ್ತವೆ. ಮೊದಲ ಸಾಲ ಮೂಲಧನದ (ಸಂಘದಲ್ಲಿ ಕೂಡಿರುವ ಹಣದ) ಆರು ಪಟ್ಟು ಅಥವಾ ಕನಿಷ್ಠ 1.5 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅದು. ಹನ್ನೆರಡು ಜನ ವಾರಕ್ಕೆ ತಲಾ 100 ರೂಪಾಯಿ ಕಟ್ಟಿದರೆ 26 ವಾರಕ್ಕೆ 31,200 ಆಗುತ್ತದೆ. ಅದರ ಆರು ಪಟ್ಟು 1,87,200. ಹತ್ತು ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯ ಹಣ ಹಿಡಿದಿಡುವಂತಿಲ್ಲ. ಯಾರೋ ಒಬ್ಬರು ಸದಸ್ಯೆ ಹಿಂದೆ ಬೇರೆ ಸಾಲಕ್ಕೆ ಸುಸ್ತಿಯಾಗಿದ್ದಾರೆಂದು ಇಡೀ ಸಂಘಕ್ಕೆ ಇಲ್ಲ ಎನ್ನಬೇಕಾಗಿಲ್ಲ. ಸಂಘ ಸುಸ್ತಿಯಾಗಿರಬಾರದು, ಈ ಸಾಲದ ದುಡ್ಡು ಆಕೆಗೆ ಹೋಗಬಾರದು, ಅಷ್ಟೆ.

ಇನ್ನು ಬೆಲೆ. ಮುಗ್ಗರಿಸುವುದು ಇಲ್ಲೇ. ಹಸಿ ಬೀಜ ಹುರಿದಾಗ ತೂಕ ಸುಮಾರು ಶೇ 17ರಷ್ಟು ಇಳಿಯುತ್ತದೆ. ಬೀಜ ಕೆಜಿಗೆ 400 ರೂಪಾಯಿ ಅಂದುಕೊಂಡರೆ ಹುರಿದ ಕಾಫಿ ನಿಮಗೆ ಬೀಳುವುದು 482ಕ್ಕೆ, 400ಕ್ಕಲ್ಲ. ಕಾಫಿಗೆ ಬೆರೆಸುವ ಬೇರಿನ ಪುಡಿ ಚಿಕೋರಿ 150 ಇದ್ದರೆ 70:30 ಮಿಶ್ರಣಕ್ಕೆ ಕಾಫಿಯ 337 ಮತ್ತು ಚಿಕೋರಿಯ 45 ಸೇರಿ 382. ಕೂಲಿಗೆ ಹುರಿಸಿ ಪುಡಿಮಾಡಿಸುವುದು, ಕವರ್, ಲೇಬಲ್, ಸಾಗಣೆ ಎಲ್ಲ ಸೇರಿ 58 ಹಾಕಿ, 440 ಆಯಿತು. ಅಂಗಡಿಗೆ 480ಕ್ಕೆ ಕೊಟ್ಟರೆ ಉಳಿಯುವುದು 40. ನಿಮ್ಮ ಊರಿನ ದರ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಈಗ ಕಂತು ನೋಡಿ. 1.8 ಲಕ್ಷಕ್ಕೆ ಶೇ 10ರ ಬಡ್ಡಿ, 24 ತಿಂಗಳು ಎಂದುಕೊಂಡರೆ ತಿಂಗಳಿಗೆ ಸುಮಾರು 8,300. ಕೆಜಿಗೆ 40ರಂತೆ 208 ಕೆಜಿ ಮಾರಿದರೆ ಕಂತು ಮಾತ್ರ ತೀರುತ್ತದೆ, ನಿಮ್ಮ ದುಡಿಮೆಗೆ ಅದರಲ್ಲಿ ಏನೂ ಇಲ್ಲ. ಅಷ್ಟು ಪುಡಿಗೆ 175 ಕೆಜಿ ಬೀಜವೂ 62 ಕೆಜಿ ಚಿಕೋರಿಯೂ ಬೇಕು: ಹತ್ತಿರ ಹತ್ತಿರ 80 ಸಾವಿರ. ಬೀಜಕ್ಕೆ ನಗದು ಕೊಡಬೇಕು, ಅಂಗಡಿಯವರು ಕೊಡುವುದು ತಿಂಗಳು ಕಳೆದ ಮೇಲೆ. ಹಾಗಾಗಿ ಎರಡು ತಿಂಗಳ ಮಾಲಿನ ದುಡ್ಡು, ಅಂದರೆ 1.6 ಲಕ್ಷ, ಸದಾ ವ್ಯಾಪಾರದಲ್ಲೇ ಸಿಕ್ಕಿಕೊಂಡಿರುತ್ತದೆ. ಉಳಿದ 20 ಸಾವಿರ ಕವರ್, ಸೀಲಿಂಗ್ ಯಂತ್ರ, ತಕ್ಕಡಿಗೆ. ಹುರಿಯುವ ಯಂತ್ರಕ್ಕೆ ದುಡ್ಡೆಲ್ಲಿದೆ? ಮೊದಲ ಎರಡು ತಿಂಗಳ ಕಂತಿಗೆ ಸಂಘದ ಉಳಿತಾಯವನ್ನೇ ಎತ್ತಿಡಿ. ಉದ್ರಿ ಬಾಕಿ ತೀರಿಸದ ಅಂಗಡಿಗೆ ಎರಡನೇ ಸಲ ಮಾಲು ಹಾಕಬೇಡಿ, ಎಷ್ಟೇ ಪರಿಚಯದವರಾದರೂ ಸರಿ.

ಬೀಜ ಕೊಳ್ಳುವಾಗ ತೇವಾಂಶ ಅಳೆಸಿ. ಶೇ 10–11 ಸರಿ. ಹೆಚ್ಚಿದ್ದರೆ ನೀರಿಗೆ ದುಡ್ಡು ಕೊಟ್ಟಂತೆ, ಬೂಷ್ಟೂ ಹಿಡಿಯುತ್ತದೆ. ಹುರಿದ ಬಿಸಿಯಲ್ಲೇ ಕವರಿಗೆ ತುಂಬಿದರೆ ಒಳಗಿನ ಗಾಳಿಗೆ ಕವರ್ ಉಬ್ಬಿ ಸೀಲ್ ಬಿಡುತ್ತದೆ. ಒಂದು ರಾತ್ರಿ ಆರಲು ಬಿಡಿ. ಮಳೆಗಾಲದಲ್ಲಿ ಚಿಕೋರಿ ಮೂಟೆಯ ಬಾಯಿ ತೆರೆದಿಟ್ಟರೆ ಗಂಟು ಕಟ್ಟಿ ಕಲ್ಲಾಗುತ್ತದೆ, ಜೂನ್‌ನಿಂದ ಬೇಕಾದಷ್ಟನ್ನೇ ತನ್ನಿ. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವೂ ಲೇಬಲ್ ಮೇಲೆ ಇರಲೇಬೇಕು. ಆಹಾರ ಸುರಕ್ಷತಾ ನೋಂದಣಿಯಿಲ್ಲದೆ ಒಂದು ಪೊಟ್ಟಣವನ್ನೂ ಮಾರಬೇಡಿ. ಉದ್ಯಮ್ ನೋಂದಣಿಗೆ (ಸಣ್ಣ ಉದ್ಯಮಗಳ ನೋಂದಣಿ) ಸರ್ಕಾರಿ ಶುಲ್ಕವಿಲ್ಲ.

ಒಂದು ವರ್ಷದ ಮಾರಾಟದ ಲೆಕ್ಕ ಕೈಗೆ ಬಂದ ಮೇಲೆ ಯಂತ್ರದ ಮಾತು. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35 ಕೇಂದ್ರದ ಸಹಾಯಧನ, ಗರಿಷ್ಠ 10 ಲಕ್ಷ. ರಾಜ್ಯ ಶೇ 15 ಸೇರಿಸುತ್ತ ಬಂದಿದೆ. ಕನಿಷ್ಠ ಶೇ 10 ನಿಮ್ಮದಿರಬೇಕು. ಈಗಿನ ಅವಧಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿಕೊಂಡೇ ಕೊಟೇಶನ್ ತರಿಸಿ. ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ: ಸಾಲಕ್ಕೆ ಹೊಂದಿಕೊಂಡ ಖಾತೆಯಲ್ಲಿ ಮೂರು ವರ್ಷ ಇದ್ದು, ಘಟಕ ನಡೆಯುತ್ತಾ ಕಂತು ಸರಿಯಾಗಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಬೀಜ ಮಾರುವವರಲ್ಲಿ ಉದ್ರಿ ಮಾಡಬೇಡಿ.