ತುಂಬಿದ ಬಾಟಲಿಯ ಮುಂದೆ ಬಾಯಾರಿದ ಮೊಲ

ನಮ್ಮ ಮನೆಯಲ್ಲಿ ಎರಡು ಮೊಲಗಳಿವೆ. ಹೆಣ್ಣು ಹತ್ತಿ, ಗಂಡು ಬೆಲ್ಲ. ಹತ್ತಿ ಎರಡು ಕಿಲೋ ತೂಗುತ್ತದೆ, ಬೆಲ್ಲ ಸ್ವಲ್ಪ ಕಡಿಮೆ. ಬೇರೆ ಬೇರೆ ಗೂಡು, ಗೂಡಿಗೆ ತಲೆಕೆಳಗಾಗಿ ತೂಗುಹಾಕಿದ ಬೇರೆ ಬೇರೆ ನೀರಿನ ಬಾಟಲಿ. ಊರು ಬಳ್ಳಾರಿ. ಇಲ್ಲಿನ ಬೇಸಿಗೆ ಎಂಥದ್ದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಮೊಲಕ್ಕೆ 30 ಡಿಗ್ರಿಯೇ ಕಷ್ಟ.

ಅಂಥ ಒಂದು ಏಪ್ರಿಲ್‌ನಲ್ಲಿ ಹತ್ತಿ ಹುಲ್ಲು ತಿನ್ನೋದು ಬಿಟ್ಟಿತು. ಬೆಳಿಗ್ಗೆ ನೋಡಿದರೆ ಹಿಕ್ಕೆಗಳು ಸಾಸಿವೆಗಿಂತ ಸ್ವಲ್ಪ ದೊಡ್ಡವು ಅಷ್ಟೇ, ಒಣಗಿ ಗಟ್ಟಿಯಾಗಿದ್ದವು. ಮೂಲೆಯಲ್ಲಿ ಮುದುಡಿ ಕೂತಿತ್ತು. ಕೊತ್ತಂಬರಿ ಮುಂದೆ ಹಿಡಿದರೂ ಮೂಗು ತಿರುಗಿಸಿತು. ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಹತ್ತಿರ ಓಡಿದೆ.

"ನಿನ್ನೆ ನೀರು ಎಷ್ಟು ಕುಡೀತಮ್ಮ?" ಅಂದರು.

"ನೀರಿಗೇನೂ ಕಡಿಮೆ ಇಲ್ಲ ಸರ್, ಬಾಟಲಿ ತುಂಬಾ ಇತ್ತು."

"ತುಂಬಾ ಇತ್ತು ಅಂದ್ರೆ ಕುಡಿದಿಲ್ಲ ಅಂತ ಅಲ್ವಾ?"

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಚರ್ಮದಡಿ ಸಲೈನ್ ಕೊಟ್ಟರು, ನೋವಿಗೆ ಔಷಧ ಕೊಟ್ಟರು. ಎರಡು ದಿನ ಸಿರಿಂಜ್‌ನಲ್ಲಿ ಗಂಜಿಯಂಥ ಆಹಾರ ತಿನ್ನಿಸಿದೆವು. ಮೂರನೇ ದಿನ ತಾನಾಗಿ ಗರಿಕೆ ಕಡಿಯಿತು. ನೀರು ಸಾಲದಿದ್ದರೆ ಮೊಲದ ಕರುಳು ನಿಧಾನವಾಗುತ್ತದೆ, ಒಳಗಿದ್ದದ್ದು ಗಟ್ಟಿಯಾಗಿ ನಿಂತುಬಿಡುತ್ತದೆ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಅರ್ಧ ದಿನ ಏನೂ ತಿನ್ನದಿದ್ದರೆ ಕಾಯಬಾರದು, ಡಾಕ್ಟರ ಹತ್ತಿರ ಹೋಗಲೇಬೇಕು.

ಮನೆಗೆ ಬಂದು ಬಾಟಲಿ ಬಿಚ್ಚಿದೆ. ಸ್ಟೀಲ್ ನಳಿಕೆಯ ತುದಿಯಲ್ಲಿ ಒಂದು ಗುಂಡು ಇರುತ್ತಲ್ಲ, ಮೊಲ ಅದನ್ನು ನಾಲಿಗೆಯಿಂದ ಒಳಗೆ ತಳ್ಳಿದಾಗ ನೀರು ಬರುತ್ತದೆ. ನಮ್ಮ ಬೋರ್ ನೀರಿನ ಸುಣ್ಣ ಅದರ ಸುತ್ತ ಬಿಳಿಯಾಗಿ ಕಟ್ಟಿಕೊಂಡು ಗುಂಡು ಅಲ್ಲಾಡದಂತೆ ಹಿಡಿದಿತ್ತು. ಹತ್ತಿ ಅದನ್ನು ಎಷ್ಟು ಹೊತ್ತು ನೆಕ್ಕಿತ್ತೋ. ಹೊರಗಿಂದ ನೋಡಿದರೆ ಎಲ್ಲ ಸರಿ ಇತ್ತು.

ಅವತ್ತಿನಿಂದ ನಾನು ನೀರಿನ ಮಟ್ಟ ನೋಡಿ ಸುಮ್ಮನಾಗುವುದಿಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಗುಂಡನ್ನು ಬೆರಳಿನಿಂದ ಒತ್ತುತ್ತೇನೆ. ಬೆರಳು ಒದ್ದೆಯಾಗಬೇಕು, ಬಾಟಲಿಯೊಳಗೆ ಗುಳುಕ್ ಅಂತ ಒಂದು ಗುಳ್ಳೆ ಮೇಲೇರಬೇಕು. ಗುಳ್ಳೆ ಬಂದರೆ ನೀರು ಬರುತ್ತಿದೆ ಅಂತ ಅರ್ಥ. ಹತ್ತು ಸೆಕೆಂಡಿನ ಕೆಲಸ.

ಕೊಳ್ಳುವಾಗ ಈಗ ಮೊದಲು ನೋಡುವುದು ನಳಿಕೆ. ಪೂರ್ತಿ ಸ್ಟೀಲ್ ಇರಬೇಕು. ಪ್ಲಾಸ್ಟಿಕ್ ತುದಿ ಇದ್ದರೆ ಬೆಲ್ಲ ಒಂದೇ ವಾರದಲ್ಲಿ ಕಡಿದು ಹಾಕುತ್ತದೆ. ಬಾಟಲಿ ಗೂಡಿನ ಹೊರಗೇ ತೂಗಬೇಕು, ನಳಿಕೆ ಮಾತ್ರ ಒಳಗೆ. ಬಾಯಿ ಅಗಲವಾಗಿರಲಿ. ಕೈ ಹೋಗದಿದ್ದರೂ ಬ್ರಷ್ ಆದರೂ ಸರಾಗವಾಗಿ ಹೋಗಬೇಕು. ಇಲಿ, ಹ್ಯಾಮ್‌ಸ್ಟರ್‌ಗೆ ಅಂತ ಮಾಡಿದ ಸಣ್ಣ ಬಾಟಲಿ ಬೇಡ. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 150 ಮಿಲಿ ನೀರು ಬೇಕಾಗುತ್ತದೆ. ಹತ್ತಿಗೆ ಸೆಕೆಯಲ್ಲಿ 300 ಮಿಲಿವರೆಗೂ ಬೇಕು. ಅದಕ್ಕೇ ನಮ್ಮದು 500 ಮಿಲಿಯದು.

ಹೊಸ ಬಾಟಲಿಯನ್ನು ಗೂಡಿಗೆ ಹಾಕುವ ಮೊದಲು ಒಂದು ರಾತ್ರಿ ಬಕೆಟ್ ಮೇಲೆ ತೂಗುಹಾಕಿ ನೋಡುತ್ತೇನೆ. ಮೊದಲು ಕೆಲವು ಹನಿ ಬೀಳುವುದು ಸಹಜ, ಆಮೇಲೆ ನಿಲ್ಲಬೇಕು. ಸೋರುತ್ತಲೇ ಇದ್ದರೆ ಮುಚ್ಚಳದ ಒಳಗಿನ ವಾಷರ್ ನೋಡಿ. ಮಡಚಿಕೊಂಡಿರುತ್ತದೆ, ಇಲ್ಲವೇ ತೊಳೆಯುವಾಗ ಬಿದ್ದುಹೋಗಿರುತ್ತದೆ. ಎಲ್ಲ ಸರಿ ಇದ್ದೂ ಮಧ್ಯಾಹ್ನ ಮಾತ್ರ ಸೋರುತ್ತದೆಯಾ? ಹಾಗಾದರೆ ಬಿಸಿಲು. ಬಾಟಲಿಯ ಮೇಲ್ಭಾಗದ ಗಾಳಿ ಕಾದು ಹಿಗ್ಗಿ ನೀರನ್ನು ಕೆಳಗೆ ತಳ್ಳುತ್ತದೆ. ಅರ್ಧ ತುಂಬಿದ ಬಾಟಲಿಯಲ್ಲಿ ಗಾಳಿ ಜಾಸ್ತಿ, ಸೋರುವುದೂ ಜಾಸ್ತಿ. ನಾನು ಅಂಚಿನವರೆಗೂ ತುಂಬಿ ನೆರಳಲ್ಲಿ ಕಟ್ಟುತ್ತೇನೆ. ಬೇಸಿಗೆಯಲ್ಲಿ ಅದಕ್ಕೆ ಹಳೆಯ ಹತ್ತಿ ಸಾಕ್ಸ್ ಒದ್ದೆ ಮಾಡಿ ತೊಡಿಸುತ್ತೇನೆ. ನೀರು ಮಡಕೆ ನೀರಿನ ಹಾಗೆ ತಣ್ಣಗಿರುತ್ತದೆ, ಬೆಳಕು ಬೀಳದೆ ಪಾಚಿಯೂ ಕಡಿಮೆ.

ತೊಳೆಯುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನಾನು ಎಡವಿದ್ದೇ ಅಲ್ಲಿ. ಮೊದಲು ಹಳೇ ನೀರಿನ ಮೇಲೇ ಹೊಸ ನೀರು ಸುರಿಯುತ್ತಿದ್ದೆ. ಈಗ ದಿನಾ ಪೂರ್ತಿ ಚೆಲ್ಲಿ, ಬ್ರಷ್ ಆಡಿಸಿ, ಹೊಸದಾಗಿ ತುಂಬುತ್ತೇನೆ. ಒಳಗೋಡೆಯನ್ನು ಬೆರಳಲ್ಲಿ ಮುಟ್ಟಿದರೆ ಜಾರಬಾರದು. ಆ ಲೋಳೆ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಪ್ರತಿ ಭಾನುವಾರ ನಳಿಕೆ, ಮುಚ್ಚಳ, ವಾಷರ್ ಎಲ್ಲ ಬಿಡಿಸಿ, ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಹಾಕುತ್ತೇನೆ. ಸುಣ್ಣ ಬಿಡುವುದು ಅದಕ್ಕೇ. ನಳಿಕೆಯೊಳಗೆ ಸ್ಟೀಲ್ ಸ್ಟ್ರಾ ತೊಳೆಯುವ ಸಣ್ಣ ಬ್ರಷ್ ಚೆನ್ನಾಗಿ ಹೋಗುತ್ತದೆ. ಗುಂಡಿನ ಸುತ್ತ ಕಿವಿಗೆ ಹಾಕುವ ಹತ್ತಿಕಡ್ಡಿ ಸಾಕು. ಕೊನೆಗೆ ವಿನೆಗರ್ ವಾಸನೆ ಹೋಗುವವರೆಗೂ ತೊಳೆಯಬೇಕು, ಇಲ್ಲದಿದ್ದರೆ ಅವು ಹತ್ತಿರವೇ ಬರುವುದಿಲ್ಲ. ನೀರಿಗೆ ವಿಟಮಿನ್ ಹನಿ ಬೆರೆಸುವವರಿದ್ದಾರೆ. ನಾನು ಬೆರೆಸಲ್ಲ. ರುಚಿ ಬದಲಾದರೆ ಮೊಲ ಕುಡಿಯುವುದೇ ಕಡಿಮೆ ಮಾಡುತ್ತದೆ, ಲೋಳೆಯೂ ಬೇಗ ಕಟ್ಟುತ್ತದೆ.

ಬೋರ್ ನೀರನ್ನೂ ಬಿಟ್ಟಿದ್ದೇವೆ. ಬೀದಿ ತುದಿಯ ಶುದ್ಧ ನೀರಿನ ಘಟಕದಿಂದ ನಮಗೆ ತರುವ ಕ್ಯಾನ್ ನೀರೇ ಅವಕ್ಕೂ. ಗುಂಡಿನ ಮೇಲೆ ಸುಣ್ಣ ಕಟ್ಟುವುದು ಈಗ ತುಂಬ ಕಡಿಮೆ.

ಇಷ್ಟೆಲ್ಲ ಮಾಡಿದರೂ ಬಾಟಲಿ ಒಂದನ್ನೇ ನಂಬುವ ಧೈರ್ಯ ನನಗಿಲ್ಲ. ಹತ್ತಿ ಹುಷಾರಾದ ವಾರವೇ ಎರಡೂ ಗೂಡಿಗೆ ಒಂದೊಂದು ಭಾರದ ಪಿಂಗಾಣಿ ಬಟ್ಟಲು ತಂದೆ. ಬಟ್ಟಲಲ್ಲಿ ತಲೆ ತಗ್ಗಿಸಿ ಕುಡಿಯುವುದೇ ಮೊಲಕ್ಕೆ ಸಹಜ. ನಳಿಕೆಯಿಂದ ಹನಿಹನಿ ಬರುವ ನೀರಿಗಿಂತ ಬಟ್ಟಲಿನದನ್ನು ಬೇಗ ಕುಡಿಯುತ್ತವೆ, ಜಾಸ್ತಿಯೂ ಕುಡಿಯುತ್ತವೆ. ಆದರೆ ಬಟ್ಟಲಿಗೆ ಹುಲ್ಲು ಬೀಳುತ್ತದೆ, ಹಿಕ್ಕೆ ಬೀಳುತ್ತದೆ, ಬೆಲ್ಲ ಅದನ್ನು ಎಳೆದಾಡುತ್ತದೆ. ಹತ್ತಿಯ ಗಂಟಲ ಕೆಳಗೆ ಜೋಲುವ ಚರ್ಮ ನೀರಿಗೆ ತಾಗಿ ಒದ್ದೆಯಾಗುತ್ತದೆ. ಅಲ್ಲಿ ತೇವ ಉಳಿದರೆ ಹುಣ್ಣಾಗಬಹುದು. ಸಂಜೆ ಒಂದು ಸಲ ಕೈಯಾಡಿಸಿ, ಒದ್ದೆ ಇದ್ದರೆ ಬಟ್ಟೆಯಲ್ಲಿ ಒರೆಸುತ್ತೇನೆ. ಬಟ್ಟಲು ಇದೆ ಅಂತ ಬಾಟಲಿ ತೆಗೆದಿಲ್ಲ. ಬಟ್ಟಲು ಉರುಳಿದ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಟಲಿ ಇರುತ್ತದೆ.

ಎಷ್ಟು ಕುಡಿದವು ಅಂತ ದಿನಾ ಅಳೆಯುತ್ತೇನೆ. ಬಾಟಲಿಯದು ಸುಲಭ. ಬಟ್ಟಲಿನದು ಇಲ್ಲಿನ ಸೆಕೆಗೆ ಆವಿಯಾಗಿಯೂ ಹೋಗುತ್ತದೆ. ಅದಕ್ಕೆ ಅಂಥದ್ದೇ ಇನ್ನೊಂದು ಬಟ್ಟಲಿಗೆ ಅಷ್ಟೇ ನೀರು ಹಾಕಿ ಗೂಡಿನ ಹೊರಗೆ, ಪಕ್ಕದಲ್ಲೇ ಇಡುತ್ತೇನೆ. ಅದರಲ್ಲಿ ಕಡಿಮೆಯಾದದ್ದನ್ನು ಕಳೆದರೆ ಲೆಕ್ಕ ಸಿಗುತ್ತದೆ. ಮಗಳು ಕ್ಯಾಲೆಂಡರ್‌ನಲ್ಲಿ ಬರೆಯುತ್ತಾಳೆ. ತೊಳೆದ ಸೊಪ್ಪನ್ನು ಒದ್ದೆಯಾಗಿಯೇ ಕೊಟ್ಟ ದಿನ ನೀರು ಕಡಿಮೆ ಹೋಗುತ್ತದೆ, ಅದಕ್ಕೆ ಹೆದರಲ್ಲ. ಒಣಹುಲ್ಲು ಜಾಸ್ತಿ ತಿಂದ ದಿನವೂ ನೀರು ಕಡಿಮೆ ಹೋಗಿದ್ದರೆ ಮೊದಲು ಗುಂಡು ಒತ್ತಿ ನೋಡುತ್ತೇನೆ, ಆಮೇಲೆ ಹಿಕ್ಕೆ ನೋಡುತ್ತೇನೆ.

ನಿನ್ನೆಯ ಲೆಕ್ಕ: ಹತ್ತಿ 240, ಬೆಲ್ಲ 190.